ಎದೆ ಕೆಟ್ಟದ್ದು ಬಾತುಕೋಳಿಯಿಂದಲ್ಲ

ನಮ್ಮ ಬೆಲೆಮ್ ಊರಿನಲ್ಲಿ ಯಾರು ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದರೂ ಮೊದಲ ಮಾತು ಒಂದೇ: ಬಾತುಕೋಳಿ ತಿನ್ನಬೇಡ, ಏಡಿ ಮುಟ್ಟಬೇಡ, ನಂಜಾಗುತ್ತದೆ. ನಾನೂ ಅದನ್ನೇ ಕೇಳಿ ಬೆಳೆದವಳು.

ಪಕ್ಕದ ಮನೆಯ ಇರಾಸಿಲ್ಡಾಗೆ ಕ್ಯಾನ್ಸರ್ ಬಂದು ಎಡ ಸ್ತನ ತೆಗೆದಿದ್ದರು. ರೋಗವೇನೋ ವಾಸಿಯಾಯಿತು. ಆದರೆ ಹಕ್ಕಿಗೆ ಹಾಕುವ ಕಾಳನ್ನು ಬಟ್ಟೆಯಲ್ಲಿ ಹೊಲಿದು, ಸ್ತನವಿದ್ದ ಜಾಗ ಖಾಲಿ ಕಾಣದಂತೆ ಎದೆಗೆ ಇಟ್ಟುಕೊಳ್ಳುತ್ತಿದ್ದಳು. ಅದೆಲ್ಲಿ ಜಾರೀತೋ ಎಂದು ಯಾರನ್ನೂ ತಬ್ಬುತ್ತಿರಲಿಲ್ಲ, ಹೆತ್ತ ಮಗಳನ್ನೂ.

ಒಂದು ದಿನ ಸರ್ಕಾರಿ ಆಸ್ಪತ್ರೆಯಿಂದ ಕರೆ ಬಂತು: ಚರ್ಮದೊಳಗೆ ಸಿಲಿಕೋನಿನ ಮೆತ್ತೆ ಇಟ್ಟು ಹೊಸ ಸ್ತನ ಮಾಡುತ್ತೇವೆ, ಬನ್ನಿ. ಅವಳ ತಾಯಿ ಬೆನೆದಿತಾ ಕೂಗಾಡಿಬಿಟ್ಟರು.

"ಬೇಡ್ವೇ ಬೇಡ! ಇದನ್ನೇ ಇಡಿಸ್ಕೊಂಡ ನಮ್ಮ ಬೀದಿ ಲಿಂಡಾಲ್ವಾ ಗತಿ ಮರೆತುಬಿಟ್ಯಾ? ಎದೆ ಕಲ್ಲಾಗಿ, ಕೀವಾಗಿ, ಕೊನೆಗೆ ಕಿತ್ತು ತೆಗೆದ್ರು. ಹಬ್ಬದ ದಿನ ಬಾತುಕೋಳಿ ಸಾರು ಉಂಡಿದ್ದಕ್ಕೆ!"

"ಸರಿ, ನಾನು ಬಾತುಕೋಳಿ ತಿನ್ನಲ್ಲ ಬಿಡಮ್ಮ."

"ಅದರ ವಾಸನೆ ಬಂದ್ರೂ ಸಾಕು, ನಂಜು!"

ಅಷ್ಟರಲ್ಲಿ ಬೆನೆದಿತಾರ ಅಣ್ಣನ ಮಗಳು ಜುಸಿನಾರಾ ಕಾಫಿಗೆ ಬಂದಳು. ಅವಳು ಆಪರೇಷನ್ ಕೋಣೆಯಲ್ಲಿ ನರ್ಸು.

"ಅತ್ತೆ, ಪಾಪ, ಬಾತುಕೋಳಿ ಏನ್ ಮಾಡೀತು? ಸಿಲಿಕೋನ್ ಇಡೋವಾಗ ಕೈಯಿಂದಲೋ ಚರ್ಮದಿಂದಲೋ ಒಮ್ಮೊಮ್ಮೆ ಕಣ್ಣಿಗೆ ಕಾಣದ ಕ್ರಿಮಿ ಅಂಟ್ಕೊಳ್ಳುತ್ತೆ. ಅದೇ ಒಳಗೆ ಕೂತು ಕೀವು ಮಾಡುತ್ತೆ. ಕೆಲವರಿಗೆ ಸಿಲಿಕೋನಿನ ಸುತ್ತ ಮೈ ಕಟ್ಟೋ ಪೊರೆ ಗಟ್ಟಿಯಾಗಿ ಎದೆ ಕಲ್ಲಾಗುತ್ತೆ."

"ಯಾಕೆ, ಡಾಕ್ಟ್ರು ಕೈ ತೊಳೆಯಲ್ವಾ?"

"ತೊಳೀತಾರೆ, ಅಷ್ಟೇ ಸಾಲದು. ಈಗ ಒಳಗೆ ರಕ್ತ ಕಟ್ಟಿಕೊಳ್ಳದ ಹಾಗೆ ನೋಡ್ಕೊಂಡು, ಆ ಜಾಗನ ಕ್ರಿಮಿ ಕೊಲ್ಲೋ ನೀರಲ್ಲಿ ತೊಳೀತಾರೆ. ಹೊಸ ಕೈಗವಸು ಹಾಕ್ಕೊಂಡೇ ಸಿಲಿಕೋನ್ ಮುಟ್ಟೋದು. ನೀವು ಕೇಕ್ ಮೇಲೆ ಚೂಪು ಮೂತಿಯ ಚೀಲದಿಂದ ಕೆನೆ ಹಿಂಡ್ತೀರಲ್ಲ, ಅಂಥದೇ ಚೀಲದಿಂದ ಚರ್ಮಕ್ಕೆ ತಾಗದ ಹಾಗೆ ಒಳಗೆ ಜಾರಿಸ್ತಾರೆ."

"ಹಂಗಾದ್ರೆ ಏನೂ ಆಗಲ್ಲ ಅಂತ ಆಣೆ ಮಾಡು."

"ಮಾಡಲ್ಲ ಅತ್ತೆ. ಅಪಾಯ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ. ಆಗಾಗ ತೋರಿಸ್ತಿರಬೇಕು, ಮುಂದೆ ಬದಲಾಯಿಸಬೇಕಾಗಬಹುದು. ಆದ್ರೆ ಲಿಂಡಾಲ್ವಾ ಎದೆ ಕೆಂಪಾದಾಗ ನೀವೆಲ್ಲ ಏನ್ ಮಾಡಿದ್ರಿ? ಎಣ್ಣೆ ಹಚ್ಚಿ, ಬರೀ ಗಂಜಿ ಕುಡಿಸಿ ಮನೇಲೇ ಮಲಗಿಸಿದ್ರಿ. ಆಸ್ಪತ್ರೆಗೆ ಬರೋಷ್ಟರಲ್ಲಿ ಕೈ ಮೀರಿತ್ತು."

ಬೆನೆದಿತಾರ ಕಣ್ಣು ತುಂಬಿತು. "ಎಣ್ಣೆ ಹಚ್ಚಿದ್ದು ನಾನೇ ಕಣೇ. ಇವಳನ್ನ ಒಂದ್ಸಲ ಸಾವಿನ ಬಾಯಿಂದ ಎಳ್ಕೊಂಡು ಬಂದಿದೀನಿ. ಇನ್ನೊಂದ್ಸಲ ನನ್ ಕೈಲಾಗಲ್ಲ."

ಇರಾಸಿಲ್ಡಾ ತಾಯಿಯ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ಬದುಕಿದೀನಲ್ಲಮ್ಮ. ಆದ್ರೆ ಈ ಮೈ ನನ್ನದು ಅಂತ ಅನ್ನಿಸ್ತಾನೇ ಇಲ್ಲ."

ಮುದುಕಿ ಮೂಗು ಒರೆಸಿಕೊಂಡರು. "ನಡಿ, ನಾನೂ ಬರ್ತೀನಿ. ಆ ಡಾಕ್ಟ್ರನ್ನ ಕೇಳೋದೆಲ್ಲ ನಾನೇ ಕೇಳ್ತೀನಿ."

ಕೇಳಿದರು ಕೂಡ! ಕೈಗವಸಿನಿಂದ ಹಿಡಿದು ಎಲ್ಲವನ್ನೂ ಕೇಳಿದರು. ಆ ವೈದ್ಯೆ ಒಂದಕ್ಕೂ ಬೇಸರಿಸಲಿಲ್ಲ. ಸಿಗರೇಟು ಸೇದಿದರೆ ಗಾಯ ಬೇಗ ಮಾಯುವುದಿಲ್ಲ ಎಂದು ಅವರು ಹೇಳಿದಾಗ ಇರಾಸಿಲ್ಡಾ ಅದನ್ನೂ ಬಿಟ್ಟಳು.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಹೊಲಿಗೆಯ ಸುತ್ತ ಕೆಂಪಾಗಿ ಮೈ ಬೆಚ್ಚಗಾಯಿತು. ನಾವು ಅಕ್ಕಪಕ್ಕದವರೆಲ್ಲ ಸೇರಿದೆವು. "ಏನ್ ತಿಂದ್ಲು? ಯಾರು ಕೊಟ್ರು?" ಎಂದು ಒಬ್ಬಳು ಶುರು ಮಾಡಿದಳು.

"ಬಾಯ್ಮುಚ್ಚಿ, ಟ್ಯಾಕ್ಸಿ ಕರೀರಿ!" ಎಂದು ಬೆನೆದಿತಾ ಗದರಿದರು.

ಆಸ್ಪತ್ರೆಯಲ್ಲಿ ನೋಡಿದರೆ, ಕ್ರಿಮಿ ಇನ್ನೂ ಮೇಲೆ ಚರ್ಮದಲ್ಲೇ ಇತ್ತು. ಕೂಡಲೇ ಔಷಧಿ ಬಿತ್ತು, ವಾಸಿಯಾಯಿತು.

ಅಕ್ಕಂದಿರೇ, ತಂಗಿಯರೇ, ಹೊಸ ಸ್ತನ ಬೇಕೋ ಬೇಡವೋ, ಅದು ನಿಮ್ಮಿಷ್ಟ. ಬೇಕೆಂದರೆ ತರಬೇತಿ ಪಡೆದ ವೈದ್ಯರ ಬಳಿಗೇ ಹೋಗಿ. ಹೇಗೆ ಇಡುತ್ತೀರಿ, ಕ್ರಿಮಿ ತಾಗದಂತೆ ಏನು ಮಾಡುತ್ತೀರಿ ಎಂದು ನಾಚದೆ ಕೇಳಿ. ಕೆಂಪಾದರೆ, ಊದಿಕೊಂಡರೆ, ಜ್ವರ ಬಂದರೆ ತಿಂದದ್ದನ್ನು ಬೈಯುತ್ತಾ ಕೂರಬೇಡಿ. ಇರಾಸಿಲ್ಡಾಳ ಎದೆ ಉಳಿದದ್ದು ಅವಳಮ್ಮ ಆ ಬೆಳಿಗ್ಗೆಯೇ ಆಸ್ಪತ್ರೆಗೆ ಹೊರಟದ್ದರಿಂದ. ನೀವೂ ಹೊರಡಿ.