ಏಳು ವರ್ಷದ ಕೆಮ್ಮು

ಆಂಧ್ರದ ಗಡಿಯೂರು ಹೊಳಗುಂದದ ಮಾರೆಮ್ಮನ ಗಂಡ ಸುಂಕಣ್ಣ ಎಪ್ಪತ್ತೆರಡನೇ ಇಸವಿಯ ಒಂದು ಮುಂಜಾನೆ, ಎದೆಗಿಳಿದ ಹತ್ತಿಯ ಧೂಳಿಗೆ ಕೆಮ್ಮುತ್ತಾ ಆದೋನಿಯ ಮಿಲ್ಲಿಗೆ ಹೋದವನು ತಿರುಗಿ ಬರಲಿಲ್ಲ. ಈ ಏಳು ವರ್ಷ ಅವನ ಸುದ್ದಿಯೇ ಇಲ್ಲವೆಂದು ರುಜುವಾತಾದರೆ ಕೋರ್ಟು ಅವನನ್ನು ಸತ್ತವನೆಂದು ಒಪ್ಪುತ್ತದೆ, ಹೊಲ ಅವಳ ಹೆಸರಿಗೆ ಬರುತ್ತದೆ. ಅವಳ ವಕೀಲ ನಾನು.

“ಸುದ್ದಿ ಇಲ್ರಿ. ಆದ್ರ ದಿನಾ ಮುಂಜಾನಿ ಬಾಗಲದಾಗ ಆತನ ಕೆಮ್ಮು ಕೇಳ್ತೈತ್ರಿ,” ಎಂದಳು.

ನನಗೆ ರೇಗಿತು. “ಕೋರ್ಟಿನಾಗ ಹಂಗ ಅಂದಿ ಅಂದ್ರ ಕೇಸು ಮುಗೀತು. ಏನೂ ಕೇಳಿಲ್ಲ ಅನ್ನು. ಕುಂಕುಮ ಅಳಿಸ್ಕೊಂಡು ಬಾ. ಇಟ್ಕೊಂಡು ಬಂದ್ರ ಯಾರು ನಂಬ್ತಾರ?”

ಬೋಳು ಹಣೆಯಲ್ಲಿ ಬಂದಳು. ಗಂಡನ ಸುದ್ದಿ ಏನಾದರೂ ಇದೆಯೇ ಎಂದು ಜಡ್ಜು ತೆಲುಗಿನಲ್ಲಿ ಕೇಳಿದರು, ಅವಳೂ ತೆಲುಗಿನಲ್ಲೇ “ಲೇದು”, ಇಲ್ಲ, ಎಂದಳು. ಗೆದ್ದೆವು.

ತಿಂಗಳಾದ ಮೇಲೆ ತೀರ್ಪಿನ ನಕಲು ಹಿಡಿದು ಬಂದು ನನ್ನ ಮೇಜಿನ ಮೇಲಿಟ್ಟಳು. “ಇದನ್ನ ರದ್ದು ಮಾಡಿಸ್ರಿ. ಆವತ್ತಿನಿಂದ ಕೆಮ್ಮು ನಿಂತೈತಿ. ಏಳು ವರ್ಷ ಆತ ಇದ್ದ. ನಾ ಇಲ್ಲ ಅಂದ ದಿನ ಸತ್ತ.”

“ಅಲ್ಲೀತನಕ ಇದ್ದ ಅನ್ನಾಕ ಸಾಕ್ಷಿ ಏನೈತವ್ವ?” ವಕೀಲನ ಬಾಯಿ, ಕೇಳಿಬಿಟ್ಟಿತು.

ಮಾರೆಮ್ಮ ಬೋಳು ಹಣೆಯ ಮೇಲೆ ಬೆರಳಿಟ್ಟಳು.

“ಇಲ್ಲಿತ್ತಲ್ರಿ. ನೀವ ಅಳಿಸು ಅಂದ್ರಿ.”