ಒಂಬತ್ತನೆಯ ವರ್ಷದ ಸಾಲು

ಅವಳು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ರೈಲಿನ ವೇಳಾಪಟ್ಟಿ, ಔಷಧಿ ಡಬ್ಬಿಗೆ ಅಂಟಿಸುವ ಚೀಟಿ, ಪರೀಕ್ಷೆಯ ಅಂಕಪಟ್ಟಿ, ಹೀಗೆ ಅಂಕಿ ತಪ್ಪಿದರೆ ಯಾರದೋ ತಲೆಯ ಮೇಲೆ ಬರುವಂಥ ಕಾಗದಗಳೆಲ್ಲ ಇಪ್ಪತ್ತೆಂಟು ವರ್ಷಗಳಿಂದ ಅವಳ ಮೇಜಿಗೇ ಬರುತ್ತಿದ್ದವು. ಅವಳ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಆಚೆ ಹೋಗುವುದಿಲ್ಲ ಎಂದು ಮಾಲೀಕರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಗಂಡ ಅದೇ ಅಚ್ಚುಕೂಟದ ವ್ಯಾನು ಓಡಿಸುತ್ತಿದ್ದ. ಹತ್ತು ತಿಂಗಳ ಹಿಂದೆ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತ ಕುಳಿತವನು ಹಾಗೇ ಪಕ್ಕದವನ ಹೆಗಲಿಗೆ ವಾಲಿದ. ನಿದ್ದೆ ಬಂದಿರಬೇಕೆಂದು ಆ ಮನುಷ್ಯ ಸ್ವಲ್ಪ ಹೊತ್ತು ಅಲುಗಾಡದೆ ಕುಳಿತಿದ್ದನಂತೆ. ಫೋನು ಬಂದಾಗ ಇವಳು ವೇಳಾಪಟ್ಟಿಯ ಒಂದು ಪುಟದ ನಡುವೆ ಇದ್ದಳು. ಫೋನು ಕೆಳಗಿಟ್ಟಳು, ಆ ಪುಟ ಮುಗಿಸಿದಳು, ಕೆಳಗೆ ಸಹಿ ಹಾಕಿ ಎದ್ದಳು.

ಆಮೇಲೆ ಅಳು ಬರಲಿಲ್ಲ. ಮೊದಮೊದಲು ಜನ "ಗಟ್ಟಿಗಿತ್ತಿ" ಅಂದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅವರ ಬಾಯಲ್ಲೇ "ಕಲ್ಲು" ಆದಳು. ಎರಡೂ ಮಾತು ಕಿವಿಗೆ ಬಿದ್ದವು, ಒಳಗೆ ಇಳಿಯಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಹೇಗೆ ತನ್ನದಲ್ಲ ಅನ್ನಿಸುತ್ತದೋ, ಅವಳಿಗೆ ಇಡೀ ಮೈಯೇ ಹಾಗಾಗಿತ್ತು. ಹೊತ್ತು ಹೊತ್ತಿಗೆ ತಿನ್ನುತ್ತಿದ್ದಳು, ಗಡಿಯಾರ ಹೇಳುತ್ತಿತ್ತು ಅಂತ.

ಈ ನಡುವೆ ಅಚ್ಚುಕೂಟ ಊರಾಚೆಯ ಶೆಡ್ಡಿಗೆ ಹೋಯಿತು. ಬಸ್ಸು ಅಲ್ಲಿಯವರೆಗೆ ಹೋಗುವುದಿಲ್ಲ. ಟೈರಿನ ಅಂಗಡಿಯಲ್ಲಿ ಕೆಲಸ ಮಾಡುವ ತಮ್ಮ ಹಟ ಹಿಡಿದ.

"ಅಕ್ಕಾ, ಭಾವ ವ್ಯಾನಲ್ಲಿ ನಿಂಗೆ ಓಡ್ಸೋದು ಕಲಿಸಿದ್ರು. ಲೈಸೆನ್ಸ್ ಇದೆ. ಎರಡು ಕೈ, ಎರಡು ಕಾಲು ಇದೆ. ಇಲ್ದೇ ಇರೋದು ಕಾರು ಒಂದೇ."

"ಸರಿ," ಎಂದಳು. ಯಾರು ಏನು ಹೇಳಿದರೂ ಸರಿ ಅನ್ನುವುದು ಈಗ ಸುಲಭವಾಗಿತ್ತು.

ಹದಿನಾಲ್ಕು ವರ್ಷದ ಹಳೆಯ ಕಾರು. ಬೂದು ಬಣ್ಣ. ಮಾರುವವಳು ನಿವೃತ್ತ ನರ್ಸು, ಎಪ್ಪತ್ತು ದಾಟಿದವಳು, ಕುಳ್ಳಗೆ ದುಂಡಗೆ ಇದ್ದಳು. ಅಂಗಳದಲ್ಲಿ ಎರಡು ಕುರ್ಚಿ ಹಾಕಿಸಿ, ಕಾರಿನ ಮೇಲಿನ ಹೊದಿಕೆಯನ್ನು ಮಗುವಿನ ಮೈಮೇಲಿಂದ ತೆಗೆದಂತೆ ಮೆಲ್ಲಗೆ ತೆಗೆದಳು.

"ನಮ್ಮ ಯಜಮಾನ್ರು ತಗೊಂಡಿದ್ದು," ಎಂದಳು. "ಮೂರು ದಿನ ಚೌಕಾಸಿ ಮಾಡಿ ತಂದ್ರು. 'ನನ್ನ ಯಾಮಾರ್ಸೋರು ಇನ್ನೂ ಹುಟ್ಟಿಲ್ಲ' ಅಂತಿದ್ರು. ಎರಡು ವರ್ಷ ಆಯ್ತು ಹೋಗಿ. ನಂಗೆ ಓಡಿಸೋಕೆ ಬರಲ್ಲ."

ತಮ್ಮ ಆಗಲೇ ಟಾರ್ಚು ಹಿಡಿದು ಕಾರಿನ ಅಡಿಗೆ ನುಗ್ಗಿದ್ದ. ಹೊರಗೆ ಕಾಣುತ್ತಿದ್ದುದು ಅವನ ಚಪ್ಪಲಿ ಮಾತ್ರ. "ಅಕ್ಕಾ, ಸುಮ್ನೆ ಕೂತ್ಕೋಬೇಡ. ಫೋನಲ್ಲಿ ಗಾಡಿ ನಂಬರ್ ಹಾಕಿ ಸರ್ಕಾರದ ತಪಾಸಣೆ ದಾಖಲೆ ತೆಗಿ. ಮನುಷ್ಯರು ಸುಳ್ಳು ಹೇಳ್ತಾರೆ, ಅದು ಹೇಳಲ್ಲ," ಎಂದು ಅಡಿಯಿಂದಲೇ ಕೂಗಿದ.

"ಹೇಳೋರು ಬೇರೆಯೋರಪ್ಪ, ನಾನಲ್ಲ," ಎಂದಳು ನರ್ಸಮ್ಮ.

ಅವಳು ಫೋನಿನಲ್ಲಿ ಕಾರಿನ ನಂಬರು ಒತ್ತಿದಳು. ವರ್ಷಕ್ಕೊಂದು ತಪಾಸಣೆ, ತಪಾಸಣೆಗೊಂದು ಸಾಲು: ದಿನಾಂಕ, ಪಾಸೋ ಫೇಲೋ, ಏನು ಕೆಟ್ಟಿತ್ತು, ಅಂದಿಗೆ ಎಷ್ಟು ಕಿಲೋಮೀಟರು ಓಡಿತ್ತು. ಇದು ಅವಳಿಗೆ ಗೊತ್ತಿದ್ದ ಲೋಕ. ಬೆರಳು ತಾನಾಗಿ ಸಾಲಿನ ಕೆಳಗೆ ಸರಿಯತೊಡಗಿತು.

ಎಂಟನೆಯ ವರ್ಷ: ಒಂದು ಲಕ್ಷದ ನಲವತ್ತೊಂದು ಸಾವಿರದ ಮುನ್ನೂರ ಅರವತ್ತು. ಒಂಬತ್ತನೆಯ ವರ್ಷ: ಎಪ್ಪತ್ತೊಂಬತ್ತು ಸಾವಿರದ ಎಂಟುನೂರ ಹನ್ನೆರಡು.

ಬೆರಳು ನಿಂತಿತು. ಓಡಿದ ಕಾರು ಹಿಂದಕ್ಕೆ ಓಡುವುದಿಲ್ಲ. ಯಾರೋ ಮೀಟರು ತಿರುಗಿಸಿ ಮಾರಿದ್ದರು.

"ನಿಮ್ಮ ಯಜಮಾನ್ರು ಇದನ್ನ ಯಾವಾಗ ತಗೊಂಡಿದ್ದಮ್ಮ?"

"ಎಂಟು ವರ್ಷ ಓಡಿದ್ದ ಗಾಡಿ ಅಂತ ತಂದ್ರು. ಏನ್ ಬರ್ದಿದೆ ಅದ್ರಲ್ಲಿ? ನಂಗೆ ಆ ಸಣ್ಣಕ್ಷರ ಕಾಣಲ್ಲ. ಓದಮ್ಮ, ಕೇಳ್ತೀನಿ. ಮೊದಲಿಂದ ಓದು, ಅವ್ರ ಕಾಲದ್ದೂ ಬರ್ಲಿ."

ಅವಳು ಮೊದಲ ವರ್ಷದಿಂದ ಓದತೊಡಗಿದಳು. ಅಚ್ಚುಕೂಟದಲ್ಲಿ ಇನ್ನೊಬ್ಬಳು ಮೂಲಪ್ರತಿ ಹಿಡಿದು ಕೂತಾಗ ಗಟ್ಟಿಯಾಗಿ ಓದುವ ಅದೇ ಸಪಾಟು ದನಿ. ಐದನೆಯ ವರ್ಷ ಹಿಂದಿನ ಟೈರು ನುಣ್ಣಗೆ. ಏಳನೆಯ ವರ್ಷ ಸೈಲೆನ್ಸರು ತೂತು, ಫೇಲು. ನಾಲ್ಕು ದಿನದ ಮೇಲೆ ಪಾಸು. ನರ್ಸಮ್ಮ ಮಂಡಿಯ ಮೇಲೆ ಕೈಯಿಟ್ಟು, ಪಾಠ ಕೇಳುವ ಹುಡುಗಿಯಂತೆ ಕುಳಿತಿದ್ದಳು.

ಎಂಟನೆಯ ಸಾಲು ಬಂತು.

"ಎಂಟನೇ ವರ್ಷ ಪಾಸು," ಎಂದಳು ಅವಳು. "ಎಪ್ಪತ್ತೊಂದು ಸಾವಿರದ ಮುನ್ನೂರ ಅರವತ್ತು."

ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಸಲ ಅವಳು ಬೇಕೆಂದೇ ಅಂಕಿಯನ್ನು ತಪ್ಪಾಗಿ ಓದಿದ್ದಳು. ಆ ಹೆಂಗಸಿನ ಮೇಲೆ ಕನಿಕರವೂ ಉಕ್ಕಿರಲಿಲ್ಲ. ನಾಲಿಗೆ ಹಾಗೆ ಹೊರಳಿತು, ಅಷ್ಟೇ. ಮುಂದಿನ ಸಾಲಿಗೆ ಹೋದಳು.

"ಒಂದು ನಿಮಿಷ," ಎಂದಳು ನರ್ಸಮ್ಮ. ದನಿ ಬದಲಾಗಿತ್ತು. "ಅದು ಎಪ್ಪತ್ತೊಂದಲ್ಲ, ತಾಯಿ. ಒಂದು ಲಕ್ಷದ ನಲವತ್ತೊಂದು ಸಾವಿರ."

ಅವಳು ತಲೆ ಎತ್ತಿದಳು.

"ಇಲ್ಲಿಗೆ ಬಂದ ಮೊದಲನೇ ವರ್ಷವೇ ತಪಾಸಣೆ ಮಾಡೋನು ಹೇಳಿದ್ದ ನಂಗೆ. ಯಜಮಾನ್ರು ಆಚೆ ಟೀ ಕುಡೀತಿದ್ರು. 'ಅಮ್ಮ, ಇದ್ರಲ್ಲಿ ಮೋಸ ಆಗಿದೆ' ಅಂದ. 'ಆಗಿದ್ದು ಆಗ್ಹೋಯ್ತು, ಅವ್ರ ಕಿವಿಗೆ ಹಾಕ್ಬೇಡಪ್ಪ' ಅಂದೆ. ಕಾರು ತಗೊಂಡ ಕಥೆನ ಅವ್ರು ಮನೆಗೆ ಬಂದೋರಿಗೆಲ್ಲ ಹೇಳ್ತಿದ್ರು. ಪ್ರತಿ ಸಲ ಒಂದು ದಿನ ಜಾಸ್ತಿ ಚೌಕಾಸಿ. ಕೊನೇಗೆ ಒಂದು ವಾರ ಆಗಿತ್ತು." ನರ್ಸಮ್ಮ ನಕ್ಕಳು. "ದುಡ್ಡು ಇಸ್ಕೊಳೋ ಮುಂಚೆ ನಿಂಗೆ ಹೇಳೋಳೇ ಇದ್ದೆ. ಹೇಳಿದ್ದಕ್ಕೇ ಇಬ್ಬರು ಎದ್ದು ಹೋದ್ರು. ಆದ್ರೆ ನೀನ್ಯಾಕಮ್ಮ ಸುಳ್ಳು ಓದ್ದೆ?"

"ಗೊತ್ತಿಲ್ಲಮ್ಮ."

"ನಿನ್ನ ಯಜಮಾನ್ರೂ ಹೋದ್ರಾ?"

ಅವಳು ಹೌದೆಂದು ತಲೆಯಾಡಿಸಿದಳು. ನರ್ಸಮ್ಮ ಎದ್ದು, ನಾಡಿ ಹಿಡಿಯುವವಳಂತೆ ಅವಳ ಮಣಿಕಟ್ಟು ಹಿಡಿದು ನಿಂತಳು.

"ಫೋನ್ ಬಂದಾಗ ನಾನು ಪುಟ ಮುಗಿಸಿ ಎದ್ದೆ," ಎಂದಳು ಅವಳು. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. "ಹತ್ತು ನಿಮಿಷ. ಮುಗಿಸಿ, ಸಹಿ ಹಾಕಿ ಎದ್ದೆ."

"ನಾನು ಕುಕ್ಕರ್ ಇಳಿಸಿ, ಪಾತ್ರೆ ತೊಳ್ದೆ," ಎಂದಳು ನರ್ಸಮ್ಮ. "ನಲವತ್ತು ವರ್ಷ ಸಾವು ನೋಡಿದೋಳು ನಾನು. ಆಸ್ಪತ್ರೇಲಿ ಎಷ್ಟೋ ಜನಕ್ಕೆ ಸುದ್ದಿ ಹೇಳಿದೀನಿ. ಒಬ್ಬ ಷರಟಿನ ಗುಂಡಿ ಎಲ್ಲ ಬಿಚ್ಚಿ ಮತ್ತೆ ಹಾಕ್ಕೊಂಡ. ಕೈಗೆ ಏನೋ ಒಂದು ಬೇಕಾಗತ್ತೆ ಆಗ, ಅಷ್ಟೇ."

ತಮ್ಮ ಅಡಿಯಿಂದ ಹೊರಬಂದ. ಮೂಗಿನ ಮೇಲೆ ಗ್ರೀಸು. ಅವಳು ಫೋನು ಅವನ ಕೈಗೆ ಕೊಟ್ಟಳು. ಓದಿ ಅವನ ಹುಬ್ಬು ಮೇಲೇರಿತು. ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ನರ್ಸಮ್ಮನೇ ಎಲ್ಲ ಹೇಳಿದಳು. "ಆ ಲೆಕ್ಕ ಹಿಡ್ದೇ ನಾನು ಬೆಲೆ ಹೇಳಿರೋದು. ಬೇಡ ಅಂದ್ರೆ ಬೇಸರ ಇಲ್ಲ."

ಅವನು ಅಕ್ಕನನ್ನು ಪಕ್ಕಕ್ಕೆ ಕರೆದ. "ಒಂದೂ ಮುಕ್ಕಾಲು ಲಕ್ಷ ಓಡಿದೆ ಅಂತ ಅಂದ್ಕೋ. ಬ್ರೇಕ್ ಪೈಪಿಗೆ ತುಕ್ಕು, ಬದಲಾಯಿಸ್ಲೇಬೇಕು. ಆದ್ರೆ ಅಡಿ ಗಟ್ಟಿಯಾಗಿದೆ, ಬೆಲೆಯೂ ನ್ಯಾಯವಾಗಿದೆ. ನೀನೇ ಹೇಳು. ಸರಿ ಅಂತ ಮಾತ್ರ ಅನ್ಬೇಡ, ಬೇಕೋ ಬೇಡ್ವೋ ಹೇಳು."

ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು. ಬಾಗಿಲು ತೆರೆದು ಕೂತಳು. ಸೀಟು ತೀರಾ ಹಿಂದಿತ್ತು, ಉದ್ದ ಕಾಲಿನ ಮನುಷ್ಯನಿಗೆಂದು ಸರಿಸಿದ್ದು. ಅದನ್ನು ಮುಂದಕ್ಕೆ ಎಳೆದುಕೊಂಡಳು.

"ಬೇಕು," ಎಂದಳು.

ಮರುವಾರ ಬ್ರೇಕ್ ಪೈಪು ಹೊಸದಾಯಿತು. ಕಾಗದಪತ್ರ ಮುಗಿಸಿ ಅವಳೇ ಮನೆಗೆ ಓಡಿಸಿಕೊಂಡು ಹೊರಟಳು, ಹಿಂದೆ ಸ್ಕೂಟರಿನಲ್ಲಿ ತಮ್ಮ. ತನ್ನ ಬೀದಿ ಬಂತು, ಅವಳು ತಿರುಗಲಿಲ್ಲ. ತಮ್ಮ ಹಾರ್ನು ಹೊಡೆದೇ ಹೊಡೆದ. ಸೇತುವೆ ದಾಟಿ, ಗೋದಾಮುಗಳನ್ನು ದಾಟಿ, ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿದಳು.

"ಏನಾಯ್ತಕ್ಕಾ? ದಾರಿ ತಪ್ಪಿತಾ?" ಅವನು ಸ್ಕೂಟರು ನಿಲ್ಲಿಸಿ ಕಿಟಕಿಗೆ ಓಡಿಬಂದ.

"ಇಲ್ಲ. ಹಸಿವಾಗ್ತಿದೆ ಕಣೋ."

ಅವನು ಅಂಗಡಿಗೆ ಹೋಗಿ ಎರಡು ಬನ್ನು ತಂದ. ಅವಳು ಸ್ಟೀರಿಂಗಿನ ಮೇಲೆ ಮೊಣಕೈಯೂರಿ ಒಂದನ್ನು ತಿಂದಳು, ಆಮೇಲೆ ಅವನ ಪಾಲಿನದನ್ನೂ ತಿಂದಳು. ಬನ್ನು ನಿನ್ನೆಯದು, ಗಟ್ಟಿಯಾಗಿತ್ತು.