ಮಾರಾಟಕ್ಕಿಟ್ಟ ಶೆವೆಲ್

ಬಟ್ಟಲಿನಲ್ಲಿ ವಿಭೂತಿ ಕಲಸುತ್ತಿದ್ದ ರೇಣುಕಾದೇವಿಯ ಕೈ ಹೊರಗೆ ಸರಪಳಿಯ ಸದ್ದು ಕೇಳಿ ನಿಂತಿತು. ಕಿಟಕಿಯಾಚೆ, ನೆಂಟರ ಕಾರುಗಳ ನಡುವೆ ಜಾಗ ಮಾಡಿಕೊಂಡು, ಖಾಲಿ ಟ್ರೇಲರ್ ಕಟ್ಟಿದ ಪಿಕಪ್ ಟ್ರಕ್ಕೊಂದು ಹಿಮ್ಮುಖವಾಗಿ ಮನೆಯತ್ತ ಬರುತ್ತಿತ್ತು. ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಹನ್ನೊಂದಕ್ಕೆ ಎಲ್ಲರೂ ಅಂತ್ಯಕ್ರಿಯೆಗೆಂದು ಫ್ಯೂನರಲ್ ಹೋಮ್‌ಗೆ ಹೊರಡಬೇಕಿತ್ತು. ಅವಳ ಗಂಡ ಸಿದ್ಧಲಿಂಗೇಶ್ ಬುಧವಾರ ಬೆಳಿಗ್ಗೆ ಹಿತ್ತಲಿನ ಗಿಡಗಳಿಗೆ ನೀರು ಬಿಡುತ್ತಿದ್ದವನು ಅಲ್ಲೇ ಕುಸಿದು ಪ್ರಾಣ ಬಿಟ್ಟಿದ್ದ.

ಮಗಳು ಹರಿಣಿ ಒಳಗೆ ಬಂದಳು. "ಅವ್ವಾ, ಯಾರೋ ಕಪಲ್ ಬಂದಾರ. ಕಾರ್ ನೋಡಾಕಂತ. ಅಪ್ಪಾನೇ ಬರ್ರಿ ಅಂದಿದ್ರಂತ."

"ಯಾವ ಕಾರು?"

"ದ ಶೆವೆಲ್. ಫಾರ್ ಸೇಲ್ ಅಂತ ಆನ್‌ಲೈನ್ ಹಾಕಿದ್ರಂತ."

ರೇಣುಕಾದೇವಿಗೆ ನಂಬಿಕೆ ಬರಲಿಲ್ಲ. ಹನ್ನೊಂದು ವರ್ಷ ತುಕ್ಕು ಕೆರೆದು ಕೆರೆದು ಎಬ್ಬಿಸಿ ನಿಲ್ಲಿಸಿದ ಆ ಹಳೆಯ ಅಮೆರಿಕನ್ ಕಾರನ್ನು ಅವನು ಮಾರುವುದುಂಟೆ? ಅದೂ ತನಗೊಂದು ಮಾತು ಹೇಳದೆ?

ಬಾಗಿಲಲ್ಲಿ ಮೂವತ್ತು ದಾಟದ ಗಂಡಸೊಬ್ಬ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಹೆಸರು ಡ್ವೈಟ್. ಅವನ ಹಿಂದೆ ಹೆಂಡತಿ ಕೆಲ್ಸಿ, ಮೆಟ್ಟಿಲ ಮೇಲಿನ ಚಪ್ಪಲಿಗಳ ರಾಶಿಯನ್ನೇ ನೋಡುತ್ತಿದ್ದಳು. ವಿಷಯ ತಿಳಿದದ್ದೇ ಡ್ವೈಟ್‌ನ ಮುಖ ಬಿಳಿಚಿತು. ಫೋನು ಮುಂದೆ ಹಿಡಿದ. ಸಿದ್ಧಲಿಂಗೇಶ್‌ನ ತಮ್ಮ ಕಲ್ಮೇಶ್ ಅದನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದ.

"ಶನಿವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಮನೆಯ ಮುಂದೆ ಬಹಳ ಕಾರುಗಳಿರುತ್ತವೆ, ಹಿಂಜರಿಯಬೇಡಿ. ನಾನು ಇರುವುದಿಲ್ಲ. ಬೀಗದ ಕೈ ನನ್ನ ಹೆಂಡತಿಯ ಹತ್ತಿರ ಇರುತ್ತದೆ."

ಸಿದ್ಧಲಿಂಗೇಶ್ ಅದನ್ನು ಕಳಿಸಿದ್ದು ಸೋಮವಾರ.

"ಬಟ್ ಅಪ್ಪಾ ಹೆಲ್ದಿ ಇದ್ರು," ಎಂದಳು ಹರಿಣಿ. "ಹೆಂಗ ಗೊತ್ತಾತು ಅವರಿಗೆ?"

"ಬ್ಯಾರೇ ಏನರೆ ಪ್ರೋಗ್ರಾಮ್ ಇಟ್ಕೊಂಡಿದ್ದಾನು," ಎಂದ ಕಲ್ಮೇಶ್. ಆದರೂ ಫೋನಿನಲ್ಲಿ ತಾರೀಖನ್ನು ಮತ್ತೊಮ್ಮೆ ನೋಡಿದ.

ರೇಣುಕಾದೇವಿ ಸೊಂಟದ ಕೀಲಿಗೊಂಚಲು ಮುಟ್ಟಿ ನೋಡಿಕೊಂಡಳು. ಸೋಮವಾರ ಸಂಜೆ ಅವನೇ ಕಾರಿನ ಬೀಗದ ಕೈಯನ್ನು ಅದಕ್ಕೆ ಪೋಣಿಸಿ, "ಇರಲಿ, ನಿನ್ನ ಕಡೆ," ಎಂದಿದ್ದ. ಅವಳು ಚಪಾತಿ ಲಟ್ಟಿಸುತ್ತಿದ್ದಳು. ಯಾಕೆಂದು ಕೇಳಿರಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ಪಕ್ಕದ ಸೌತ್ ಕೆರೊಲೈನಾ ರಾಜ್ಯದಲ್ಲಿ, ಗ್ರೀನ್‌ವಿಲ್‌ನಿಂದ ಆಚೆಗಿನ ಹಳ್ಳಿಯೊಂದಕ್ಕೆ ಗಂಡ ಹೆಂಡತಿ ಇಬ್ಬರೂ ಇದೇ ಕಾರು ಕೊಳ್ಳಲು ಹೀಗೆಯೇ ಟ್ರೇಲರ್ ಕಟ್ಟಿಕೊಂಡು ಹೋಗಿದ್ದರು. ಆ ಮನೆಯ ಮುಂದೆಯೂ ತುಂಬ ಕಾರುಗಳಿದ್ದವು. ಜಗುಲಿಯ ತುಂಬ ಕಪ್ಪು ಬಟ್ಟೆಯ ಜನ.

ಸಿದ್ಧಲಿಂಗೇಶ್ ಗಾಡಿ ತಿರುಗಿಸಲು ನೋಡಿದ. ಅಷ್ಟರಲ್ಲಿ ಮುದುಕಿಯೊಬ್ಬಳು ಇಳಿದು ಬಂದಳು. "ಹೋಗಬೇಡಿ. ನೀವು ಇವತ್ತು ಬರ್ತೀರಿ ಅಂತ ನನ್ನ ಗಂಡ ಸಾಯೋ ಮುಂಚೆ ಹೇಳಿದ್ದ," ಎಂದಳು.

ಕಾರು ಕೊಟ್ಟಿಗೆಯಲ್ಲಿತ್ತು. ಗಂಡಸರು ಅತ್ತ ಹೋದಾಗ ಮುದುಕಿ ರೇಣುಕಾದೇವಿಯ ಮಣಿಕಟ್ಟು ಹಿಡಿದು, "ನಾವು ಇದನ್ನು ತರೋಕೆ ಹೋದ ದಿನ, ಆ ಮನೆಯಲ್ಲೂ ಹೆಣ ಇತ್ತಮ್ಮ," ಎಂದಳು. ಅವಳ ಬೆರಳುಗಳು ತಣ್ಣಗಿದ್ದವು.

ಅದನ್ನು ಗಂಡನಿಗೆ ಹೇಳಿಬಿಡಬೇಕೆಂದು ರೇಣುಕಾದೇವಿ ಕೊಟ್ಟಿಗೆಯತ್ತ ನಡೆದಳು. ಆ ವರ್ಷ ಅವನ ಕೆಲಸ ಹೋಗಿತ್ತು. ಇಪ್ಪತ್ತು ವರ್ಷ ನೀರಿನ ಪಂಪುಗಳ ನಕ್ಷೆ ಬರೆದವನು ಮನೆಯಲ್ಲಿ ಗೋಡೆ ನೋಡುತ್ತ ಕೂತು ತಿಂಗಳುಗಳಾಗಿದ್ದವು. ಈಗ ಕೆನ್ನೆಗೆ ತುಕ್ಕು ಮೆತ್ತಿಕೊಂಡು, ಬಾಗಿಲಿಲ್ಲದ ಕಾರಿನೊಳಗಿಂದ ತಲೆ ಹೊರಹಾಕಿ, "ರೇಣುಕಾ, ಎಂಜಿನ್ ಇನ್ನೂ ಜೀವಂತ ಐತಿ!" ಎಂದು ನಗುತ್ತಿದ್ದ.

ಅವಳು ಸೆರಗಿನ ತುದಿಯಿಂದ ಅವನ ಕೆನ್ನೆಯ ತುಕ್ಕು ಒರೆಸಿದಳು; ಮುದುಕಿಯ ಮಾತು ಹೇಳಲಿಲ್ಲ.

ಆಮೇಲೆ ಬೇರೆ ಕೆಲಸ ಸಿಕ್ಕಿತು, ಕಾರೂ ಮನೆಯದೇ ಆಯಿತು. ಶನಿವಾರ, ಭಾನುವಾರ ಅವನು ಗರಾಜಿನಲ್ಲಿ ತಗಡು ಬೆಸೆಯುತ್ತಿದ್ದರೆ, ಅವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಮಾತು ಕಡಿಮೆ. ಹೋದ ತಿಂಗಳು ಕಡುನೀಲಿ ಬಣ್ಣದ ಕೊನೆಯ ಪದರ ಒಣಗಿದಾಗ ಅವನು ಅವಳನ್ನು ಕೂರಿಸಿಕೊಂಡು ಮನೆಗೆ ಹತ್ತಿರದ ಸುವಾನಿಯ ಕೆರೆಯವರೆಗೆ ಹೋಗಿ ಬಂದಿದ್ದ. ದಾರಿಯುದ್ದಕ್ಕೂ ಅವಳು ಮುದುಕಿಯ ಮಾತನ್ನೇ ನೆನೆಯುತ್ತಿದ್ದಳು. ಆಗಲೂ ಹೇಳಲಿಲ್ಲ.

*

ಗರಾಜಿನ ಬಾಗಿಲು ಮೇಲೆ ಸರಿಯಿತು. ಡ್ವೈಟ್ ಮೆಲ್ಲನೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ಬಿಸಿ ಇದೆ. ಈಗಷ್ಟೇ ಓಡಿಸಿದ್ರಾ?"

"ಬಿಸಿಲಿಗೆ ಹಂಗಾಗೇತಿ," ಎಂದ ಕಲ್ಮೇಶ್ ತಟ್ಟನೆ. ಆದರೆ ಬುಧವಾರದಿಂದ ಆ ಬಾಗಿಲನ್ನು ಯಾರೂ ತೆರೆದಿರಲಿಲ್ಲ.

ಡ್ವೈಟ್ ನಗತೊಡಗಿದ್ದ. ಅವನಿಗೆ ಸಾವಿನ ಮನೆ ಮರೆತೇಹೋಗಿತ್ತು. "ಫ್ಯಾಕ್ಟರಿ ಮುಚ್ಚಿದ ಮೇಲೆ ಇವನು ನಕ್ಕಿದ್ದನ್ನ ನಾನು ನೋಡೇ ಇರಲಿಲ್ಲ," ಎಂದಳು ಕೆಲ್ಸಿ, ತನ್ನಷ್ಟಕ್ಕೆ.

ರೇಣುಕಾದೇವಿಗೆ ಕೊಟ್ಟಿಗೆಯಲ್ಲಿ ತುಕ್ಕು ಮೆತ್ತಿಕೊಂಡು ನಕ್ಕ ಗಂಡನ ಮುಖ ನೆನಪಾಯಿತು. ಕೆಲ್ಸಿಯನ್ನು ಪಕ್ಕಕ್ಕೆ ಕರೆದಳು. ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಕೊಟ್ಟಿಗೆ, ಮುದುಕಿ, ಕಪ್ಪು ಬಟ್ಟೆಯ ಜನ, ಎಲ್ಲವನ್ನೂ ಹೇಳಿದಳು. ಕೊನೆಗೆ, "ನನ್ನ ಗಂಡ ನಗ್ತಿದ್ದ. ಅದಕ್ಕೇ ನಾನು ಹೇಳಲಿಲ್ಲ," ಎಂದಳು.

ಕೆಲ್ಸಿ ಹೋಗಿ ಗಂಡನ ತೋಳು ಹಿಡಿದಳು. "ಡ್ವೈಟ್, ನಡಿ. ಹೋಗೋಣ."

"ಹೋಗೋದಾ? ನಾಲ್ಕು ಗಂಟೆ ಡ್ರೈವ್ ಮಾಡಿ ಬಂದಿದ್ದೀವಿ!"

ಕಲ್ಮೇಶ್ ಅತ್ತಿಗೆಯ ಹತ್ತಿರ ಬಂದ. "ವೈನಿ, ಅಣ್ಣನ ಕಡೀ ಮಾತು ಐತಿ. ಕೊಟ್ಟು ಕಳಸ್ರಿ."

"ಅವರ ಕಡೀ ಮಾತು ನಿನಗ ಗೊತ್ತೈತಿ," ಎಂದಳು ರೇಣುಕಾದೇವಿ. "ಮೊದಲನೇ ದಿನ ನಾ ಆಡಬೇಕಾಗಿದ್ದ ಮಾತು ನಿನಗ ಗೊತ್ತಿಲ್ಲ. ಕೊಡೂದಿಲ್ಲ. ಯಾರಿಗೂ ಕೊಡೂದಿಲ್ಲ."

ಗುಂಡಿ ಒತ್ತಿದಳು. ಗರಾಜಿನ ಬಾಗಿಲು ಇಳಿಯತೊಡಗಿತು. ಡ್ವೈಟ್ ಬಗ್ಗಿ ಬಗ್ಗಿ, ಕಡುನೀಲಿ ಬಣ್ಣ ಪೂರ್ತಿ ಮರೆಯಾಗುವವರೆಗೂ ನೋಡಿದ.

ನೆಂಟರು ಕಾರುಗಳತ್ತ ಹೊರಟರು. ಹರಿಣಿ ವಿಭೂತಿಯ ಬಟ್ಟಲನ್ನೂ ಬಿಲ್ವಪತ್ರೆಯನ್ನೂ ತಂದು ತಾಯಿಯ ಕೈಗಿತ್ತಳು. ಟ್ರಕ್ಕಿನ ಸ್ಟಿಯರಿಂಗ್ ಹಿಡಿದು ಕೂತವಳು ಕೆಲ್ಸಿ. ಅವಳು ರೇಣುಕಾದೇವಿಯತ್ತ ಒಮ್ಮೆ ತಲೆಬಾಗಿಸಿ ಗಾಡಿ ಹೊರಡಿಸಿದಳು. ಖಾಲಿ ಟ್ರೇಲರ್ ಕುಲುಕುತ್ತ ಹಿಂದೆ ಹೋಯಿತು.

ಪಕ್ಕದ ಸೀಟಿನಲ್ಲಿದ್ದ ಡ್ವೈಟ್ ಮೈ ಪೂರ್ತಿ ಹಿಂದಕ್ಕೆ ತಿರುಗಿಸಿ ಕೂತಿದ್ದ. ಎರಡೂ ಅಂಗೈಗಳನ್ನು ಹಿಂಬದಿಯ ಗಾಜಿಗೆ ಒತ್ತಿದ್ದ. ಟ್ರಕ್ಕು ಬೀದಿಯ ತಿರುವು ದಾಟುವವರೆಗೂ ಅವನ ಮುಖ ಇತ್ತಲೇ ಇತ್ತು, ಕಣ್ಣು ಮಿಟುಕಿಸದೆ, ನಗುತ್ತ.